ಮದುರೆಯ ಹೆಸರಿನ ಕಾಲುರೋಗಕ್ಕೆ ಬಳ್ಳಾರಿಯ ನಂಟು

ನಮ್ಮ ರಾಯದುರ್ಗ, ಆದೋನಿ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ಹಳೆಯ ಬಳ್ಳಾರಿಯ ಹೆಸರು ವೈದ್ಯಚರಿತ್ರೆಯಲ್ಲೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಬರಿಗಾಲಿನವರಿಗೆ ಮುಳ್ಳು ಚುಚ್ಚಿದಾಗ ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಒಳಗೆ ಸೇರುತ್ತವೆ. ನೋವಿಲ್ಲದ ಗಂಟು ವರ್ಷಗಟ್ಟಲೆ ಬೆಳೆಯುತ್ತದೆ. ಆಮೇಲೆ ಪಾದ ಊದಿ, ತೂತು ಬಿದ್ದು, ಕೀವಿನೊಂದಿಗೆ ಸಣ್ಣ ಕಾಳುಗಳು ಹೊರಬರುತ್ತವೆ. ಮೂಳೆಯೂ ಕೊಳೆಯುತ್ತದೆ.

ಮದುರೆಯ ವೈದ್ಯ ಗಿಲ್ 1842ರಲ್ಲಿ ಇದನ್ನು ವರದಿ ಮಾಡಿದರು. 1846ರಲ್ಲಿ ಅಲ್ಲಿಯವರೇ ಆದ ಕೋಲ್‌ಬ್ರೂಕ್ 'ಮದುರಾ ಫೂಟ್' ಎಂದು ಬರೆದರು. ಅದೇ ವರ್ಷ ಬಳ್ಳಾರಿಯಲ್ಲಿದ್ದ ವೈದ್ಯ ಗಾಡ್‌ಫ್ರೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥದೇ ರೋಗಿಗಳ ವಿವರ ಪ್ರಕಟಿಸಿದರು. ಹೆಸರು ಮಾತ್ರ ಮದುರೆಗೇ ಉಳಿಯಿತು.

ಆದರೆ ಕಾರಣ ಯಾವುದು? ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಹೆನ್ರಿ ವ್ಯಾಂಡೈಕ್ ಕಾರ್ಟರ್ ಆ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ವೈದ್ಯ ವಿದ್ಯಾರ್ಥಿಗಳೆಲ್ಲ ಬಲ್ಲ 'ಗ್ರೇಸ್ ಅನಾಟಮಿ'ಗೆ ಚಿತ್ರ ಬರೆದವರು ಇವರೇ. ಇದು ಬೂಷ್ಟಿನ (ಶಿಲೀಂಧ್ರದ) ರೋಗವೆಂದು ತಿಳಿದು 1860ರಲ್ಲಿ 'ಮೈಸಿಟೋಮಾ' ಎಂದು ಹೆಸರಿಟ್ಟರು. ರೋಗಿಯಿಂದ ತೆಗೆದ ಭಾಗದಲ್ಲಿ ಬೆಳೆದ ಗುಲಾಬಿ ಬಣ್ಣದ ಬೂಷ್ಟೊಂದಕ್ಕೆ ಇಂಗ್ಲೆಂಡಿನ ಬರ್ಕ್‌ಲಿ ಎಂಬ ಪಂಡಿತರು ಕಾರ್ಟರ್ ಹೆಸರನ್ನೇ ಇಟ್ಟರು. ಅದು ಹೊರಗಿನಿಂದ ಬಂದು ಬೆಳೆದದ್ದು, ರೋಗಕಾರಕವಲ್ಲ ಎಂದು ಆಮೇಲೆ ಗೊತ್ತಾಯಿತು. ಕಪ್ಪು ಕಾಳಿನ ನಿಜವಾದ ಬೂಷ್ಟಿಗೆ 1905ರಲ್ಲಿ ಫ್ರಾನ್ಸಿನ ಬ್ರಂಪ್ಟ್ 'ಮದುರೆಲ್ಲಾ' ಎಂಬ ಕುಲದ ಹೆಸರು ಕೊಟ್ಟರು. ಹೀಗೆ ಮದುರೆ ಜೀವಶಾಸ್ತ್ರದ ಪುಸ್ತಕವನ್ನೂ ಸೇರಿತು.

ಇನ್ನೊಂದು ಗೊಂದಲವಿತ್ತು. ಕಾರ್ಟರ್ ಕಪ್ಪು ಕಾಳಿನ ಜೊತೆಗೆ ಬಿಳಿ ಕಾಳಿನ ಬಗೆಯನ್ನೂ ಕಂಡಿದ್ದರು. 1894ರಲ್ಲಿ ಅಲ್ಜೀರಿಯಾದಲ್ಲಿ ವಿನ್ಸೆಂಟ್ ಬಿಳಿ ಕಾಳಿನಿಂದ ಬೇರೊಂದು ಜೀವಿಯನ್ನು ಬೆಳೆಸಿದರು. ಎಳೆಎಳೆಯಾಗಿ ಬೆಳೆಯುವುದರಿಂದ ಅದನ್ನೂ ಬೂಷ್ಟೆಂದೇ ಎಣಿಸಿದ್ದರು, ಅದು ಬ್ಯಾಕ್ಟೀರಿಯಾ. 1913ರಲ್ಲಿ ಪಿನಾಯ್ ಎರಡನ್ನೂ ಬೇರೆ ರೋಗಗಳೆಂದು ವಿಂಗಡಿಸಿದರು.

ಇದು ಬರೀ ಹೆಸರಿನ ಜಗಳವಲ್ಲ, ಕಾಲು ಉಳಿಯುವ ಪ್ರಶ್ನೆ. ಬ್ಯಾಕ್ಟೀರಿಯಾದ್ದಾದರೆ ಆ್ಯಂಟಿಬಯಾಟಿಕ್ ಮದ್ದಿಗೆ ಸಾಮಾನ್ಯವಾಗಿ ಬಗ್ಗುತ್ತದೆ. ಬೂಷ್ಟಿಗೆ ಅದು ನಾಟುವುದಿಲ್ಲ. ತಿಂಗಳುಗಟ್ಟಲೆ ಬೇರೆ ಮದ್ದು, ಶಸ್ತ್ರಚಿಕಿತ್ಸೆ ಬೇಕು, ಎಷ್ಟೋ ಸಲ ಕಾಲನ್ನೇ ತೆಗೆಯಬೇಕಾಗುತ್ತದೆ. ಬಣ್ಣ ನೋಡಿದರೆ ಸಾಲದು, ಬಿಳಿ ಕಾಳು ಎರಡರಲ್ಲೂ ಉಂಟು. 2012ರಲ್ಲಿ ಡಿಎನ್ಎ ಪರೀಕ್ಷೆಯಿಂದ ಮದುರೆಲ್ಲಾದ ಹೊಸ ಪ್ರಭೇದಗಳನ್ನು ಗುರುತಿಸಿದರು. ಅದರಲ್ಲಿ ಒಂದಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವ ಇಟ್ರಾಕೊನಜೋಲ್ ಸರಿಯಾಗಿ ತಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಿದ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ, ಗಾಡ್‌ಫ್ರೆ ಬರೆದ 170 ವರ್ಷದ ಮೇಲೆ! ಹೊಲದಲ್ಲಿ ದುಡಿಯುವ ಬಡವನ ಕಾಲಿನ ರೋಗಕ್ಕೆ ಸಿಕ್ಕ ಮರ್ಯಾದೆ ಇಷ್ಟು. ನಾವು ಮಕ್ಕಳಿಗೆ ಹೇಳುವುದು ಇಷ್ಟೇ: ಹೊಲಕ್ಕೆ ಹೋಗುವಾಗ ಚಪ್ಪಲಿ ಮೆಟ್ಟಿರಿ; ಪಾದದ ಗಂಟು ನೋಯದಿದ್ದರೂ ವೈದ್ಯರಿಗೆ ತೋರಿಸಿರಿ.