ಎಷ್ಟನೇ ಸ್ಟೇಜು? ಯಾವ ಬಗೆ? ಕರುಳಿನ ಕ್ಯಾನ್ಸರಿನ ಎರಡು ಪ್ರಶ್ನೆಗಳ ಕಥೆ

ಊರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ನಾವೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟನೇ ಸ್ಟೇಜಂತೆ?" ಪ್ರಶ್ನೆ ಸರಿಯಾದದ್ದೇ. ಆದರೆ ಒಂದೇ ಸ್ಟೇಜಿನ ಇಬ್ಬರಲ್ಲಿ ಒಬ್ಬರು ಗುಣವಾಗಿ ಹೊಲದ ಕೆಲಸಕ್ಕೆ ಮರಳುತ್ತಾರೆ, ಇನ್ನೊಬ್ಬರಿಗೆ ರೋಗ ಮತ್ತೆ ಬರುತ್ತದೆ. ಏಕೆ? ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಇದಕ್ಕೆ ಒಂದಿಷ್ಟು ಉತ್ತರ ಸಿಗಲು ವೈದ್ಯರಿಗೆ ಸುಮಾರು ನೂರು ವರ್ಷ ಬೇಕಾಯಿತು.

ಸ್ಟೇಜಿನ ಲೆಕ್ಕ ಶುರುವಾದದ್ದು ಲಂಡನ್ನಿನಲ್ಲಿ. ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿಸ್ಟ್ ಕತ್‌ಬರ್ಟ್ ಡ್ಯೂಕ್ಸ್, ಆಪರೇಷನ್‌ನಲ್ಲಿ ತೆಗೆದ ಗುದನಾಳದ ಗಡ್ಡೆಗಳನ್ನು ಪರೀಕ್ಷಿಸಿ 1932ರಲ್ಲಿ ಮೂರು ಗುಂಪು ಮಾಡಿದರು. ಕರುಳಿನ ಗೋಡೆಯೊಳಗೇ ಇದ್ದರೆ 'ಎ', ಗೋಡೆ ದಾಟಿದ್ದರೆ 'ಬಿ', ಹತ್ತಿರದ ದುಗ್ಧಗ್ರಂಥಿಗಳಿಗೆ ಹೋಗಿದ್ದರೆ 'ಸಿ'. ಇಂದು ವೈದ್ಯರು ಹೇಳುವ ಒಂದು, ಎರಡು, ಮೂರನೇ ಸ್ಟೇಜುಗಳಿಗೆ ಇದೇ ಬುನಾದಿ. ಯಕೃತ್ತು, ಶ್ವಾಸಕೋಶದಂಥ ದೂರದ ಅಂಗಕ್ಕೆ ಹಬ್ಬಿದರೆ ನಾಲ್ಕನೆಯದು. ಸ್ಟೇಜ್ ಏರಿದಂತೆ ಬದುಕುಳಿಯುವ ಭರವಸೆ ಇಳಿಯುತ್ತದೆ.

ಎರಡನೇ ಕಥೆ ಇದಕ್ಕೂ ಹಳೆಯದು. ಅಮೆರಿಕದ ಮಿಷಿಗನ್‌ನಲ್ಲಿ 1895ರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್ ಅವರಿಗೆ, ತಮ್ಮ ಮನೆತನದಲ್ಲಿ ಹಲವರು ಕ್ಯಾನ್ಸರಿನಿಂದ ಸತ್ತಿದ್ದಾರೆ, ತಾನೂ ಹಾಗೆಯೇ ಸಾಯುತ್ತೇನೆ ಎಂದರು. ಮುಂದೆ ಗರ್ಭಕೋಶದ ಕ್ಯಾನ್ಸರಿನಿಂದ ಆಕೆ ತೀರಿಕೊಂಡರು. ವಾರ್ಥಿನ್ ಆ ಮನೆತನದ ವಂಶಾವಳಿ ಬರೆದು 1913ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಗಮನ ಕೊಡಲಿಲ್ಲ. 1960ರ ದಶಕದಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥ ಇನ್ನಷ್ಟು ಕುಟುಂಬಗಳನ್ನು ಹುಡುಕಿದರು. ಇಂದು ಈ ವಂಶಪಾರಂಪರ್ಯ ತೊಂದರೆಗೆ ಅವರದೇ ಹೆಸರು: ಲಿಂಚ್ ಸಿಂಡ್ರೋಮ್.

ಒಳಗಿನ ಕಾರಣ ತಿಳಿದದ್ದು 1993ರಲ್ಲಿ. ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುವವರಿರುವಂತೆ ನಮ್ಮ ಜೀವಕೋಶದೊಳಗೂ ತಿದ್ದುವ ವ್ಯವಸ್ಥೆಯಿದೆ. ಕೋಶ ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪನ್ನು ಅದು ಸರಿಪಡಿಸುತ್ತದೆ. ಅದು ಕೆಟ್ಟರೆ ತಪ್ಪುಗಳು ರಾಶಿ ಬೀಳುತ್ತವೆ. ಇಂಥ ಗಡ್ಡೆಗೆ 'ಎಂಎಸ್‌ಐ' ಬಗೆ ಎನ್ನುತ್ತಾರೆ. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 15 ಈ ಬಗೆಯವು. ಅವುಗಳಲ್ಲಿ ಹೆಚ್ಚಿನವು ವಂಶದಿಂದ ಬಂದವಲ್ಲ.

ಇಲ್ಲೊಂದು ಅಚ್ಚರಿ ಕಾದಿತ್ತು. ಸೂಕ್ಷ್ಮದರ್ಶಕದಲ್ಲಿ ಈ ಗಡ್ಡೆಗಳು ಅನೇಕ ಸಲ ಭಯಂಕರವಾಗಿ ಕಾಣುತ್ತವೆ. ಆದರೂ ಎರಡನೇ ಸ್ಟೇಜಿನಲ್ಲಿ ಇವರ ಫಲಿತಾಂಶ ಉಳಿದವರಿಗಿಂತ ಚೆನ್ನಾಗಿದೆ. ತಪ್ಪುಗಳು ಅಷ್ಟೊಂದು ಇರುವುದರಿಂದ ದೇಹದ ರೋಗನಿರೋಧಕ ಶಕ್ತಿ ಆ ಕೋಶಗಳನ್ನು ಪರಕೀಯ ಎಂದು ಗುರುತಿಸುತ್ತದೆ. ಈ ಸ್ಟೇಜಿನ ಇಂಥವರಿಗೆ ಆಪರೇಷನ್ ನಂತರ ಹಳೆಯ ಫ್ಲೋರೋಯುರಾಸಿಲ್ ಕೀಮೋ ಒಂದೇ ಕೊಟ್ಟರೆ ಲಾಭವಿಲ್ಲ ಎಂದೂ ತಿಳಿಯಿತು.

ಹಾಗೆಂದು ಸ್ಟೇಜ್ ಮುಖ್ಯವಲ್ಲ ಎನ್ನುವಂತಿಲ್ಲ. ನಾಲ್ಕನೇ ಸ್ಟೇಜಿನಲ್ಲಿ ಈ ಬಗೆ ನೂರಕ್ಕೆ ಐದರಷ್ಟು ಮಾತ್ರ. ಅಲ್ಲಿಗೆ ತಲುಪಿದವರಿಗೆ ಆ ಅನುಕೂಲ ಉಳಿಯುತ್ತಿರಲಿಲ್ಲ, ಕೀಮೋ ಕೂಡ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ರೋಗನಿರೋಧಕ ಶಕ್ತಿಯ ಕಟ್ಟು ಬಿಚ್ಚುವ ಇಮ್ಯುನೊಥೆರಪಿ ಔಷಧಿಗಳು ಇವರಲ್ಲಿ ಕೆಲಸ ಮಾಡುತ್ತವೆ ಎಂದು 2015ರಲ್ಲಿ ಕಂಡುಬಂತು. 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೆಲೆ ಮಾತ್ರ ಈಗಲೂ ದುಬಾರಿ.

ಇನ್ನೊಂದು ಬಗೆ ಇದಕ್ಕೆ ವಿರುದ್ಧ. ಕೋಶಗಳು ಮುದ್ರೆಯುಂಗುರದ ಆಕಾರದಲ್ಲಿ ಕಾಣುವ 'ಸಿಗ್ನೆಟ್ ರಿಂಗ್' ಗಡ್ಡೆ ಪತ್ತೆಯಾಗುವಾಗಲೇ ಸಾಮಾನ್ಯವಾಗಿ ಮೂರು ಅಥವಾ ನಾಲ್ಕನೇ ಸ್ಟೇಜಿನಲ್ಲಿರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ನೂರಕ್ಕೆ ಒಂದರಷ್ಟು. ಭಾರತದ ದೊಡ್ಡ ಆಸ್ಪತ್ರೆಗಳ ವರದಿಗಳಲ್ಲಿ ಪ್ರಮಾಣ ಹೆಚ್ಚು, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ.

ರೈತರಿಗೆ ಇದು ಹೊಸ ಮಾತಲ್ಲ. ಕಳೆ ಎಷ್ಟು ಗುಂಟೆಗೆ ಹಬ್ಬಿದೆ ಎಂದಷ್ಟೇ ನೋಡಿದರೆ ಸಾಲದು, ಅದು ಪಾರ್ಥೇನಿಯಮ್ಮೋ ಜೇಕೋ ಎಂದೂ ತಿಳಿಯಬೇಕು. ಸ್ಟೇಜ್ ಹೇಳುವುದು ಎಷ್ಟು ದೂರ ಎಂದು, ಬಗೆ ಹೇಳುವುದು ಯಾವುದು ಎಂದು. ಎರಡೂ ಸೇರಿದರೇನೇ ಮುಂದಿನ ದಾರಿ ಕಾಣುತ್ತದೆ.

ಆದ್ದರಿಂದ ನಿಮ್ಮವರಿಗೆ ಕರುಳಿನ ಕ್ಯಾನ್ಸರ್ ಎಂದರೆ ವೈದ್ಯರನ್ನು ಎರಡೂ ಕೇಳಿ: ಎಷ್ಟನೇ ಸ್ಟೇಜು, ಎಂಎಸ್‌ಐ ಅಥವಾ ಎಂಎಂಆರ್ ಪರೀಕ್ಷೆ ಆಗಿದೆಯೇ? ಮನೆತನದಲ್ಲಿ ಕರುಳು, ಗರ್ಭಕೋಶದ ಕ್ಯಾನ್ಸರ್ ಯಾರಿಗಾದರೂ ಬಂದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಿ ನಾಟಿ ಔಷಧಿಯಲ್ಲಿ ತಿಂಗಳು ಕಳೆಯಬೇಡಿ. ಗಡ್ಡೆಯ ಬಗೆ ನಮ್ಮ ಕೈಯಲ್ಲಿಲ್ಲ. ಬೇಗ ಹೋಗಿ ತೋರಿಸುವುದು ಮಾತ್ರ ನಮ್ಮ ಕೈಯಲ್ಲಿದೆ.