ಇಲ್ಲದ ಡಬ್ಬಿ

ದಸರಾ ರಜೆಗೆ ಬಂದ ಮಗಳು ರಾತ್ರಿ ಹನ್ನೊಂದಾದರೂ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಮನೆಯ ಫೋಟೋಗಳನ್ನು ವರ್ಷವಾರು ಜೋಡಿಸಲು ಅವಳೊಂದು ಶೆಲ್ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದು ಬರೆದುಕೊಟ್ಟ ಕೆಲಸಗಳ ಪಟ್ಟಿ, ತಯಾರಿಸಿದ್ದಳು. ನನ್ನ ಮದುವೆಯ ಫೋಟೋಗಳೂ ಮೊಮ್ಮಗನ ನಾಮಕರಣದವೂ ಒಂದೇ ಕಡೆ ರಾಶಿ ಬಿದ್ದಿದ್ದವು. ತಪ್ಪಾಗಿದೆಯೆಂದು ಯಂತ್ರ ಒಂದು ಮಾತೂ ಆಡಿರಲಿಲ್ಲ.

"ವೇರಿಯಬಲ್ ಅಂದರೆ ಹೆಸರು ಅಂಟಿಸಿದ ಡಬ್ಬಿ ಅಮ್ಮಾ" ಎಂದಳು. "ವರ್ಷದ ಡಬ್ಬಿಯ ಹೆಸರಲ್ಲಿ ಒಂದಕ್ಷರ ತಪ್ಪಿದೆ. ಅಂಥ ಡಬ್ಬಿಯೇ ಇಲ್ಲ. ಇಲ್ಲ ಅಂತ ಹೇಳದೆ, ಖಾಲಿ ಅಂದುಕೊಂಡು ಮುಂದೆ ಹೋಗಿದೆ." ಪ್ರತಿಯೊಂದು ಆಜ್ಞೆಯನ್ನೂ ತೆರೆಯ ಮೇಲೆ ತೋರಿಸುವ 'ಸೆಟ್ ಮೈನಸ್ ಎಕ್ಸ್' ಹಾಕಿ ಆ ಸಾಲನ್ನು ಹುಡುಕಿದ್ದಳು.

ಚರಿತ್ರೆ ಪಾಠ ಹೇಳುವವಳು ನಾನು. ಈ ಪದ್ಧತಿ ಯಾರ ಕಾಲದ್ದೆಂದು ಕೇಳದಿರಲಾಗಲಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರ ಯುನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಹೊರಬಂತು. ಇಲ್ಲದ ಡಬ್ಬಿಯನ್ನು ಖಾಲಿಯೆಂದೇ ಎಣಿಸುವುದು ಅದರ ರೂಢಿ. ಆದರೆ ಅದರಲ್ಲೇ ಮದ್ದೂ ಇತ್ತು: 'ಸೆಟ್ ಮೈನಸ್ ಯು' ಎಂದು ಬರೆದರೆ, ಇಲ್ಲದ ಹೆಸರು ಕಂಡೊಡನೆ ದೂರು ಹೇಳಿ ಕೆಲಸ ನಿಲ್ಲಿಸುತ್ತದೆ. ಕೇಳಿದವರಿಗೆ ಮಾತ್ರ ಈ ಎಚ್ಚರ. 1989ರಲ್ಲಿ ಬ್ರಿಯಾನ್ ಫಾಕ್ಸ್ ರೂಪಿಸಿದ ಬ್ಯಾಶ್ ಕೂಡ ಇದೇ ರೂಢಿ ಉಳಿಸಿಕೊಂಡಿತು.

ಇದರಿಂದೇನು ಮಹಾ ನಷ್ಟ ಎನ್ನಬೇಡಿ. 2015ರ ಜನವರಿಯಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಎಂಬ ಆಟದ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟಿನ ದೋಷ ಬಯಲಾಯಿತು. ತನ್ನದೇ ಫೋಲ್ಡರನ್ನು ಅಳಿಸಬೇಕಾದ ಸಾಲು ಅದು. ಫೋಲ್ಡರಿನ ಹೆಸರಿರಬೇಕಾದ ಡಬ್ಬಿ ಖಾಲಿಯಾಗಿತ್ತು. ಉಳಿದದ್ದು ಬರೀ ಓರೆಗೆರೆ ಮತ್ತು ನಕ್ಷತ್ರ. ಆ ಎರಡರ ಅರ್ಥ 'ಬುಡದಿಂದ ಎಲ್ಲವೂ'! ದೂರು ಕೊಟ್ಟಾತನ ಕಡತಗಳೆಲ್ಲ ಹೋದವು, ಕಾಪಿಡಲೆಂದು ನಕಲು ಇಟ್ಟಿದ್ದ ಹೊರಗಿನ ಡಿಸ್ಕಿನವೂ ಸೇರಿ. ಆ ಸಾಲಿನ ಮೇಲೆ ಬರೆದವರೇ 'ಭಯವಾಗುತ್ತದೆ' ಎಂಬರ್ಥದ ಒಂದು ಪದ ಗೀಚಿದ್ದರಂತೆ. ಭಯವಾದದ್ದು ಸರಿ, ಪರೀಕ್ಷಿಸಬೇಡವೇ?

ಇಲ್ಲೊಂದು ಸೂಕ್ಷ್ಮವಿದೆ. ಇಲ್ಲಿ 'ಮೈನಸ್ ಯು' ಕೂಡ ಕಾಯುತ್ತಿರಲಿಲ್ಲ. ಅದು ಹಿಡಿಯುವುದು ಇಲ್ಲದ ಡಬ್ಬಿಯನ್ನು, ಇದ್ದೂ ಬರಿದಾದುದನ್ನಲ್ಲ. ಎರಡನ್ನೂ ಹಿಡಿಯಬೇಕಾದರೆ ಹೆಸರಿನ ಮುಂದೆ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಹಾಕಿ ಆವರಣದೊಳಗೆ ಬರೆಯಬೇಕು. ಮಗಳು ಎರಡನ್ನೂ ಸೇರಿಸಿ, ಫೋಟೋಗಳನ್ನು ಸರಿಪಡಿಸಿ ಮಲಗಿದಳು.

ರಜೆ ಮುಗಿದ ಮೇಲೆ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಬ್ಬ ಹುಡುಗಿ 'ಬಿಟ್ಟ ಸ್ಥಳ ತುಂಬಿರಿ' ಎಂಬ ಭಾಗವನ್ನು ಮುಟ್ಟಿಯೇ ಇರಲಿಲ್ಲ. ಹಿಂದೆಲ್ಲ ಸೊನ್ನೆ ಹಾಕಿ ಮುಂದೆ ಹೋಗುತ್ತಿದ್ದೆ. ಈ ಸಲ ಕರೆದು ಕೇಳಿದೆ. ಅವಳಿಗೆ ಸಿಕ್ಕ ಪ್ರಶ್ನೆಪತ್ರಿಕೆಯ ಹಿಂಬದಿ ಅಚ್ಚೇ ಆಗಿರಲಿಲ್ಲ.

ಇಷ್ಟು ವರ್ಷಗಳಲ್ಲಿ ಕೇಳದೆ ಹಾಕಿದ ಸೊನ್ನೆಗಳೆಷ್ಟೋ.