ಪರ್ಸಿ ಕಲ್ಲು, ಉಕ್ಕಿನ ಗುಂಡು, ಒಂದು ಚಷ್ಮಾ

ಟ್ರೆಕ್ಕಿಂಗ್ ಸೀಸನ್ ಶುರುವಾದರೆ ಸಾಕು, ಗೆಳೆಯರು ನನಗೆ ಕೇಳುವ ಪ್ರಶ್ನೆ ಒಂದೇ. 'ಟ್ಯಾಕ್ಟಿಕಲ್' ಅಂತ ಬರೆದ ಗಾಗಲ್ಸ್ ಬರ್ತವಲ್ಲ, ಏಳೆಂಟು ಸಾವಿರದ್ದು, ತಗೋಬಹುದಾ? ಕೇಳುವವರು ಚಿಂಚೋಳಿ ಕಾಡಿಗೆ ಹೊರಟಿರುತ್ತಾರೆ, ಇಲ್ಲಾ ಬೈಕ್ ಮೇಲೆ ಮಳಖೇಡದ ಕೋಟೆ ನೋಡಲು. ಉತ್ತರವನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು, ಹೇಳ್ತೀನಿ ಕೂಡ. ಆದರೆ ಅವರು ಹೋಗುವ ದಾರಿಯ ಎರಡೂ ಬದಿಗೆ ಜನ ಕಲ್ಲು ಒಡೆಯುತ್ತಾ ಕೂತಿರುತ್ತಾರೆ. ನಮ್ಮ ದೇಶದಲ್ಲಿ ಕಣ್ಣಿನ ರಕ್ಷಣೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದಕ್ಕೆ ಆ ಸೀಮೆಗಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಮುತ್ತ ನೆಲ ಅಗೆದರೆ ಸಿಗುವುದು ಪದರುಪದರಾದ ಸುಣ್ಣದ ಕಲ್ಲು. ಭೂವಿಜ್ಞಾನಿಗಳಿಗೆ ಅದು ಭೀಮಾ ಶಿಲಾಸಮೂಹ, ಪೇಟೆಯವರಿಗೆ ಶಹಾಬಾದ್ ಕಲ್ಲು, ಊರವರಿಗೆ ಬರೀ ಪರ್ಸಿ. ಹೋಳಿಗೆಯ ಅಟ್ಟಿಯಂತೆ ಪದರು ಕೂತಿರುವುದರಿಂದ ಇದನ್ನು ಎಬ್ಬಿಸಲು ಮದ್ದು ಸಿಡಿಸಬೇಕಾಗಿಲ್ಲ. ಗೆರೆ ಹಾಕಿ, ಉಳಿ ಇಟ್ಟು, ಸುತ್ತಿಗೆಯಿಂದ ಹೊಡೆದು, ಹಾರೆಯಿಂದ ಮೀಟಿದರೆ ಹಲಗೆಯಂತೆ ಎದ್ದು ಬರುತ್ತದೆ. ಮದ್ದು ಬೇಡ ಅನ್ನುವ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕೆಲಸ ಬಹಳ ಹಳೆಯದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು. ಅದರೊಳಗೆ 'ರಾಯೊ ಅಶೋಕೊ' ಎಂದು ಬರಹವಿರುವ ಅಶೋಕನ ಶಿಲ್ಪವೂ ಇತ್ತು. ಅದೂ ಇದೇ ಸುಣ್ಣದ ಕಲ್ಲಿನದು. ಎಲ್ಲರೂ ಅಶೋಕನ ಮುಖ ನೋಡ್ತಾರೆ, ಸರಿ. ನನಗೆ ಮಾತ್ರ ಅದನ್ನು ಕೆತ್ತಿದವನ ಮುಖದ್ದೇ ಯೋಚನೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅವನ ಬಳಿ ಕಣ್ಣಿಗೆ ಅಡ್ಡ ಹಿಡಿಯಲು ಇದ್ದದ್ದು ಎರಡು ರೆಪ್ಪೆ.

1871ರಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ ರೈಲುದಾರಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಪರ್ಸಿ ಕಲ್ಲಿಗೆ ಕಾಲು ಬಂತು. ಮುಂಬೈ, ಪುಣೆ, ಹೈದರಾಬಾದಿನ ಹಳೆ ಮನೆಗಳ ನೆಲದಲ್ಲಿ ತಣ್ಣಗೆ ಕೂತಿರುವ ಬೂದು ಹಾಸು ಇಲ್ಲಿಯದೇ. ಆಮೇಲೆ ಸಿಮೆಂಟು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯೊಳಗೆ ಸೇರಿತು, 1968ರಲ್ಲಿ ವಾಡಿಯ ಕಾರ್ಖಾನೆ ಶುರುವಾಯಿತು, 80ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲೂ ಚಿಮಣಿ ಎದ್ದವು. ಹೀಗೆ ಒಂದೇ ಕಲ್ಲಿಗೆ ಎರಡು ಬಾಳು. ಸಿಮೆಂಟಿಗೆ ಹೋಗುವ ಕಲ್ಲು ಕಂಪನಿಯದು, ಹಾಸಿಗೆ ಹೋಗುವ ಕಲ್ಲು ಸಣ್ಣ ಖಣಿಗಳದು.

ಕಣ್ಣಿನ ಕಥೆ ಕವಲೊಡೆಯುವುದೂ ಇಲ್ಲೇ. ಕಾರ್ಖಾನೆಗಳ ಕಾಯ್ದೆ ಬಂದದ್ದು 1948ರ ಸೆಪ್ಟೆಂಬರ್ 23ಕ್ಕೆ. ಹೈದರಾಬಾದಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಆಗಿನ್ನೂ ಒಂದು ವಾರವಾಗಿರಲಿಲ್ಲ, ಹಾಗಾಗಿ ಈ ಸೀಮೆಗೆ ಅದು ಅನ್ವಯವಾಗಲು ಸ್ವಲ್ಪ ಕಾಲ ಹಿಡಿಯಿತು. ಅದರ 35ನೇ ಕಲಮಿನ ವಿಷಯವೇ ಕಣ್ಣು. ಕೆಲಸದಲ್ಲಿ ಚೂರು ಸಿಡಿಯುವುದಿದ್ದರೆ, ಇಲ್ಲವೇ ಕಣ್ಣು ಕುಕ್ಕುವ ಬೆಳಕಿದ್ದರೆ, ಅಡ್ಡತೆರೆ ಅಥವಾ ತಕ್ಕ ಗಾಗಲ್ಸ್ ಕೊಡಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬಹುದಿತ್ತು. ಚೆನ್ನಾಗಿದೆ. ಆದರೆ ಕಾರ್ಖಾನೆ ಅನ್ನಿಸಿಕೊಳ್ಳಬೇಕಾದರೆ ಕರೆಂಟು ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇರಬೇಕಿತ್ತು. ಆರು ಜನರ ಪಾಲಿಶ್ ಶೆಡ್ ಕಾರ್ಖಾನೆಯೇ ಅಲ್ಲ, ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು.

ಹಾಗಾದರೆ ಖಣಿಗೆ ಗಣಿ ಕಾಯ್ದೆ ಇತ್ತಲ್ಲ? 1952ರ ಆ ಕಾಯ್ದೆಯ 3ನೇ ಕಲಮನ್ನು ತಿದ್ದುಪಡಿಗಳಾದ ಮೇಲಿನ ರೂಪದಲ್ಲಿ ಓದಿ ನೋಡಿ. ಕಟ್ಟಡದ ಕಲ್ಲು, ಸುಣ್ಣದ ಕಲ್ಲು ಮುಂತಾದವುಗಳ ತೆರೆದ ಗಣಿ 6 ಮೀಟರಿಗಿಂತ ಆಳವಿಲ್ಲದಿದ್ದರೆ, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ಕೆಲಸಕ್ಕಿಲ್ಲದಿದ್ದರೆ, ಸ್ಫೋಟಕ ಬಳಸದಿದ್ದರೆ, ಕೆಲವೇ ಕಲಮು ಬಿಟ್ಟು ಉಳಿದ ಕಾಯ್ದೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಆಳವಿಲ್ಲ, ಜನ ಕಡಿಮೆ, ಮದ್ದು ಬೇಡ. ಸಣ್ಣ ಪರ್ಸಿ ಖಣಿಯ ಅಳತೆ ತೆಗೆದು ಹೊಲಿದ ಅಂಗಿಯಂತಿದೆ! ದೆಹಲಿಯಲ್ಲಿ ಯಾರೂ ಶಹಾಬಾದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಲಾರರು. ಆದರೂ ಪದರುಕಲ್ಲಿನ ಒಳ್ಳೆಯ ಗುಣವೇ ಅದನ್ನು ಒಡೆಯುವವನಿಗೆ ಮುಳುವಾಯಿತು.

ಇದೇ ಕಾಲದಲ್ಲಿ ಹೊರಗಡೆ ಚಷ್ಮಾ ಬೇರೆ ದಾರಿ ಹಿಡಿದಿತ್ತು. ಅಮೆರಿಕದಲ್ಲಿ 1922ರ ಹೊತ್ತಿಗೆ ಕೆಲಸಗಾರರ ತಲೆ ಮತ್ತು ಕಣ್ಣಿನ ರಕ್ಷಣೆಗೆ ಒಂದು ಸಂಹಿತೆ ಬಂದಿತ್ತು. ಆಗಿನ್ನೂ ಗಾಜಿನ ಕಾಲ. ದೊಡ್ಡ ತಿರುವು 1953ರದು. ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಪಾಲಿಕಾರ್ಬೊನೇಟ್ ಕಂಡುಹಿಡಿದರು. ಪೊಲೀಸರ ಗುರಾಣಿ, ನಾವು ಹಾಡು ಕೇಳುತ್ತಿದ್ದ ಸಿಡಿ, ಎರಡೂ ಅದರವೇ. ಪೆಟ್ಟು ಬಿದ್ದರೆ ಗಾಜಿನಂತೆ ಪುಡಿಯಾಗುವುದಿಲ್ಲ, ಬಾಗಿ ಪೆಟ್ಟನ್ನು ನುಂಗುತ್ತದೆ. ಬಣ್ಣವಿಲ್ಲದೆಯೂ ಅತಿನೇರಳೆ ಕಿರಣವನ್ನು ಬಹುತೇಕ ತಡೆಯುತ್ತದೆ. ಒಂದೇ ಕೊರತೆ ಅಂದರೆ ಬೇಗ ಗೀರು ಬೀಳುತ್ತದೆ, ಅದಕ್ಕೇ ಮೇಲೆ ಗಟ್ಟಿ ಲೇಪ.

ಈಗ ಆ ಏಳೆಂಟು ಸಾವಿರದ ಪ್ರಶ್ನೆ. ಬ್ರ್ಯಾಂಡ್ ಬಿಡಿ, ಮಸೂರದ ಮೂಲೆಯಲ್ಲಿ, ಕಡ್ಡಿಯ ಒಳಬದಿಯಲ್ಲಿ ಏನು ಅಚ್ಚಾಗಿದೆ ನೋಡಿ. 'ಝಡ್ 87' ಅಂತಿದ್ದರೆ 1 ಇಂಚಿನ ಉಕ್ಕಿನ ಗುಂಡನ್ನು 127 ಸೆಂಟಿಮೀಟರ್ ಮೇಲಿಂದ ಬಿಟ್ಟಾಗ ತಾಳಿದೆ ಎಂದರ್ಥ. ಮುಂದೆ ಪ್ಲಸ್ ಗುರುತಿದ್ದರೆ ಕಾಲು ಇಂಚಿನ ಗುಂಡು ಸೆಕೆಂಡಿಗೆ ಸುಮಾರು 46 ಮೀಟರ್ ವೇಗದಲ್ಲಿ ಬಡಿದಾಗಲೂ ತಾಳಿದೆ. ಯುರೋಪಿನ ಇಎನ್ 166ರಲ್ಲಿ ಇಂಥದ್ದೇ ಪರೀಕ್ಷೆಗೆ 'ಎಫ್' ಅಕ್ಷರ, 45 ಮೀಟರ್. 'ಬಿ' ಅಂದರೆ 120 ಮೀಟರ್, ಅದು ಗಾಗಲ್ಸಿಗೆ. ನಮ್ಮದಕ್ಕೆ ಐಎಸ್ 5983. ಇವ್ಯಾವೂ ಇಲ್ಲದೆ ಬರೀ 'ಟ್ಯಾಕ್ಟಿಕಲ್' ಅಂತಿದ್ದರೆ ಅದು ವೇಷ ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಗುರುತುಳ್ಳ ಚಷ್ಮಾ ಆ ವೇಷಕ್ಕಿಂತ ಎಷ್ಟೋ ಮೇಲು. ಕಪ್ಪಾಗಿದ್ದರೆ ಬಿಸಿಲಿಗೆ ಒಳ್ಳೆಯದು ಅನ್ನುವ ನಂಬಿಕೆಯನ್ನೂ ಬಿಡಿ. ಕಿರಣ ತಡೆಯದ ಕಪ್ಪು ಮಸೂರದ ಹಿಂದೆ ಪಾಪೆ ಅಗಲವಾಗುತ್ತದೆ, ಒಳಗೆ ಹೋಗುವ ಕಿರಣ ಹೆಚ್ಚುತ್ತದೆ.

ಗುಂಡಿನ ಪರೀಕ್ಷೆ ಅತಿಯಾಯಿತು ಅನ್ನಿಸಿದರೆ ಉಳಿಯ ತಲೆ ನೋಡಿ. ಹೊಡೆತ ತಿಂದು ತಿಂದು ಅಣಬೆಯಂತೆ ಅರಳಿರುತ್ತದೆ. ಅದರ ಅಂಚಿನಿಂದ ಸಿಡಿಯುವ ಉಕ್ಕಿನ ಚೂರು ಕಲ್ಲಿನ ಚೂರಿಗಿಂತ ಅಪಾಯ. ಸಣ್ಣದು, ಹರಿತ, ಕಣ್ಣೊಳಗೇ ಹೊಕ್ಕು ಕೂರಬಲ್ಲದು. ಎಷ್ಟೋ ಸಲ ನೋವೂ ಹೆಚ್ಚಿರುವುದಿಲ್ಲ, ಒಳಗೆ ತುಕ್ಕು ಹಿಡಿದು ನಿಧಾನವಾಗಿ ದೃಷ್ಟಿ ತಿನ್ನುತ್ತದೆ. ಎಂಆರ್‌ಐ ಮಾಡುವ ಮೊದಲು 'ಕಣ್ಣಲ್ಲಿ ಲೋಹ ಹೋಗಿತ್ತಾ' ಅಂತ ಕೇಳುವುದು ಇದಕ್ಕೇ.

ಶಹಾಬಾದ್ ಹತ್ತಿರದ ಖಣಿಯೊಂದರಲ್ಲಿ ಕಲ್ಲು ಒಡೆಯುವ ಹಿರಿಯರೊಬ್ಬರನ್ನು ಕೇಳಿದ್ದೆ, 'ಕಾಕಾ, ಚಷ್ಮಾ ಯಾಕ ಹಾಕ್ಕೊಳ್ಳಂಗಿಲ್ರೀ?' ಅವರು ನಕ್ಕರು. 'ತಂದಿದ್ದೆ ತಮ್ಮಾ. ಬೆವರಿಗಿ ಮಬ್ಬ ಆಗ್ತದ, ಧೂಳಿಗಿ ಗೀರ ಬೀಳ್ತದ. ಕಲ್ಲಿನ ಗೆರಿನೇ ಕಾಣಲಿಲ್ಲಂದ್ರ ಹೊಡೀಲಿ ಎಲ್ಲಿ?' ಇದನ್ನು ಅಜ್ಞಾನ ಅಂತ ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಗೆರೆ ತಪ್ಪಿದರೆ ಹಲಗೆ ಒಡೆಯುತ್ತದೆ, ಕೂಲಿ ಹೋಗುತ್ತದೆ. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಆವಿ ಹಿಡಿಯದ ಲೇಪ ಐಷಾರಾಮವಲ್ಲ, ಕೆಲಸದ ಸಲಕರಣೆ.

ಕಾನೂನಿನ ಲೆಕ್ಕವೂ ಅವರ ಕಡೆ ತಿರುಗಿಲ್ಲ. 2020ರ ಹೊಸ ಸಂಹಿತೆಯಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳುವ ಸಂಖ್ಯೆ ಕರೆಂಟಿದ್ದರೆ 20ಕ್ಕೆ, ಇಲ್ಲದಿದ್ದರೆ 40ಕ್ಕೆ ಏರಿದೆ.

ಇನ್ನು ನಿಮ್ಮ ಮನೆಗೇ ಬರೋಣ. ಬಾಲ್ಕನಿಗೆ ಪರ್ಸಿ ಹಾಸುವಾಗ ಹುಡುಗನೊಬ್ಬ ಕೈಮಶೀನಿನಲ್ಲಿ ಕಲ್ಲು ಕೊಯ್ಯುತ್ತಾನೆ, ಕಣ್ಣು ಅರ್ಧ ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡು. ಅದು ಕಾರ್ಖಾನೆಯೂ ಅಲ್ಲ, ಗಣಿಯೂ ಅಲ್ಲ. ಅವನಿಗೆ ಬೇಕಾದದ್ದು ಬಣ್ಣವಿಲ್ಲದ ಮಸೂರದ, ಸುತ್ತಲೂ ಮುಖಕ್ಕೆ ಅಂಟಿ ಕೂರುವ, ಆವಿ ಹಿಡಿಯದ ಗಾಗಲ್ಸ್, ಹಿಂದೆ ಪಟ್ಟಿ ಇರುವಂಥದ್ದು. ಟೈಲ್ಸ್ ಅಂಗಡಿಯ ಪಕ್ಕದಲ್ಲೇ ಸಿಗುತ್ತದೆ. ಒಂದಲ್ಲ, ಎರಡು ತನ್ನಿ. ಮೊದಲನೆಯದಕ್ಕೆ ಮೂರು ದಿನದಲ್ಲಿ ಗೀರು ಬಿದ್ದಿರುತ್ತದೆ.